ಮುಖದ ಸ್ಕ್ರಬ್: ಸೌಮ್ಯತೆ ಮತ್ತು ಒರಟುತನ

ಮುಖದ ಸ್ಕ್ರಬ್ ಎಂಬುದು ಮುಖದ ಚರ್ಮದ ಮೇಲಿರುವ ಸತ್ತ ಕೋಶಗಳನ್ನೂ ಜಿಡ್ಡನ್ನೂ ಕೊಳೆಯನ್ನೂ ಗಟ್ಟಿ ಕಣಗಳ ಉಜ್ಜುವಿಕೆಯಿಂದ ಸಡಿಲಿಸಿ, ನೀರಿನಿಂದ ತೊಳೆದುಹಾಕುವ ಪ್ರಸಾಧನ ಸಾಮಗ್ರಿ. ಅದರ ಸೌಮ್ಯತೆ ಅಥವಾ ಒರಟುತನವೆಂದರೆ ಉಜ್ಜುವಾಗ ಮತ್ತು ಉಜ್ಜಿದ ನಂತರ ಚರ್ಮಕ್ಕೆ ಆಗುವ ಸ್ಪರ್ಶಾನುಭವ ಹಾಗೂ ಆ ಉಜ್ಜುವಿಕೆಯಿಂದ ಚರ್ಮದ ತಡೆಪದರಕ್ಕೆ ಒದಗುವ ಸವೆತದ ಪ್ರಮಾಣ. ಅನುಭವ ಮತ್ತು ಸವೆತ ಬಹುಮಟ್ಟಿಗೆ ಜೊತೆಯಾಗಿ ನಡೆಯುತ್ತವೆಯಾದರೂ ಅವೆರಡೂ ಒಂದೇ ಅಲ್ಲ: ಕೈಗೆ ತರಿತರಿಯಾಗಿ ತೋರಿದ ಲೇಪ ಚರ್ಮಕ್ಕೆ ಹೆಚ್ಚಿನ ಹಾನಿ ಮಾಡದೆ ಇರಬಹುದು, ನುಣುಪಾಗಿ ಜಾರಿದ ಲೇಪ ಮರುದಿನದ ಹೊತ್ತಿಗೆ ಚರ್ಮವನ್ನು ಕೆಂಪಗೆ ಒಣಗಿಸಿರಬಹುದು. ಈ ಅಂತರವನ್ನು ಗಮನಿಸದೆ ಹೋಗುವುದೇ ಸ್ಕ್ರಬ್‌ಗಳ ಕುರಿತ ಬಹುತೇಕ ತಪ್ಪು ತಿಳಿವಳಿಕೆಗಳ ಮೂಲ.

ಪರಿಭಾಷೆ

ಚರ್ಮದ ಮೇಲಿನ ಸತ್ತ ಕೋಶಗಳನ್ನು ಬೇಕೆಂದೇ ತೆಗೆಯುವ ಕ್ರಿಯೆಗೆ ಎಕ್ಸ್‌ಫೋಲಿಯೇಶನ್ ಎಂಬ ಹೆಸರಿದೆ. ಅದನ್ನು ಪೊರೆ ತೆಗೆಯುವಿಕೆ ಎನ್ನಬಹುದು. ಕಣ, ಬಟ್ಟೆ, ಬ್ರಷ್ ಮುಂತಾದವುಗಳ ಘರ್ಷಣೆಯಿಂದ ನಡೆಯುವುದು ಭೌತಿಕ ವಿಧಾನ; ಆಮ್ಲ ಅಥವಾ ಕಿಣ್ವಗಳಿಂದ ಕೋಶಗಳ ಬೆಸುಗೆಯನ್ನು ಸಡಿಲಿಸುವುದು ರಾಸಾಯನಿಕ ವಿಧಾನ. ಸ್ಕ್ರಬ್ ಭೌತಿಕ ವಿಧಾನಕ್ಕೆ ಸೇರುತ್ತದೆ. ಅದರಲ್ಲಿರುವ ಗಟ್ಟಿ ಕಣಗಳಿಗೆ ಉಜ್ಜುಕಣ ಎಂದೂ, ಅವುಗಳನ್ನು ಹೊತ್ತಿರುವ ಕ್ರೀಮು, ಜೆಲ್, ಎಣ್ಣೆ ಅಥವಾ ಜೇಡಿಯ ಭಾಗಕ್ಕೆ ಆಧಾರದ್ರವ್ಯ ಎಂದೂ ಇಲ್ಲಿ ಹೆಸರು. ಉಜ್ಜುವಾಗ ಬೆರಳಿಗೂ ಕೆನ್ನೆಗೂ ತಾಗುವ ಕಣಗಳ ಅನುಭವ ತರಿತನ. ತೊಳೆದ ಮೇಲೆ ಉಳಿಯುವ ಬಿಗಿತ, ಉರಿ, ಚುರುಗುಟ್ಟುವಿಕೆ, ನವೆ ಇವು ಉತ್ತರಾನುಭವಗಳು.

ಹಿನ್ನೆಲೆ

ಮೈಯುಜ್ಜುವ ರೂಢಿ ಬಹು ಪ್ರಾಚೀನವಾದದ್ದು. ಗ್ರೀಕರೂ ರೋಮನ್ನರೂ ಮೈಗೆ ಎಣ್ಣೆ ಸವರಿ ಸ್ಟ್ರಿಜಿಲ್ ಎಂಬ ಬಾಗಿದ ಲೋಹದ ಪಟ್ಟಿಯಿಂದ ಎಣ್ಣೆ, ಬೆವರು, ಧೂಳನ್ನು ಒಟ್ಟಿಗೆ ಹೆರೆದು ತೆಗೆಯುತ್ತಿದ್ದರು. ಮೊರಾಕೊದ ಹಮಾಮ್‌ಗಳಲ್ಲಿ ಆಲಿವ್ ಎಣ್ಣೆಯ ಕಪ್ಪು ಸಾಬೂನು ಮತ್ತು ಕೆಸ್ಸಾ ಎಂಬ ಒರಟು ಕೈಗವಸು, ಜಪಾನಿನಲ್ಲಿ ಅಕ್ಕಿತೌಡು ತುಂಬಿದ ಬಟ್ಟೆಚೀಲ, ಕೊರಿಯಾದ ಸ್ನಾನಗೃಹಗಳಲ್ಲಿ ರೇಯಾನ್ ನೇಯ್ಗೆಯ ಉಜ್ಜುಬಟ್ಟೆ ಬಳಕೆಗೆ ಬಂದವು. ಇವುಗಳಲ್ಲಿ ಹೆಚ್ಚಿನವು ಮೈಗೆಂದು ರೂಪುಗೊಂಡವೇ ಹೊರತು ಮುಖಕ್ಕೆಂದಲ್ಲ ಎಂಬುದು ಗಮನಾರ್ಹ.

ಭಾರತದಲ್ಲಿ ಒರಟುತನದ ಮಟ್ಟಗಳನ್ನು ಹೆಸರಿಟ್ಟು ವಿಂಗಡಿಸುವ ಕೆಲಸ ಬಹಳ ಹಿಂದೆಯೇ ನಡೆದಿದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ದಿನಚರ್ಯೆಯ ಅಂಗವಾಗಿ ಉದ್ವರ್ತನ, ಉದ್ಘರ್ಷಣ, ಉತ್ಸಾದನ ಎಂಬ ಮೂರು ಕ್ರಿಯೆಗಳು ಬೇರೆಬೇರೆಯಾಗಿ ಬಂದಿವೆ. ವ್ಯಾಖ್ಯಾನಕಾರರು ಎಣ್ಣೆ ಬೆರೆತ ಕಲ್ಕದಿಂದ ಉಜ್ಜುವುದನ್ನು ಉತ್ಸಾದನವೆಂದೂ, ಜಿಡ್ಡಿಲ್ಲದ ಒಣಪುಡಿಯಿಂದ ತಿಕ್ಕುವುದನ್ನು ಉದ್ಘರ್ಷಣವೆಂದೂ ವಿವರಿಸುತ್ತಾರೆ. ಅದೇ ಪುಡಿ ಎಣ್ಣೆಯೊಡನೆ ಒಂದು ಬಗೆಯಾಗಿಯೂ ಎಣ್ಣೆಯಿಲ್ಲದೆ ಇನ್ನೊಂದು ಬಗೆಯಾಗಿಯೂ ವರ್ತಿಸುತ್ತದೆ ಎಂಬ ಈ ಗ್ರಹಿಕೆ ಇಂದಿನ ಘರ್ಷಣಶಾಸ್ತ್ರಕ್ಕೂ ಒಪ್ಪುವಂಥದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಸ್ನಾನಭೋಗಕ್ಕೆ ಪ್ರತ್ಯೇಕ ಭಾಗವೇ ಇದೆ. ಕರ್ನಾಟಕದ ಮನೆಗಳಲ್ಲಿ ಎಣ್ಣೆಸ್ನಾನದ ದಿನ ಸೀಗೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಎಣ್ಣೆ ತೆಗೆಯುವ, ಹೀರೆಯ ಒಣನಾರಿನಿಂದ ಬೆನ್ನುಜ್ಜುವ ರೂಢಿ ಈಗಲೂ ಉಳಿದಿದೆ. ಮದುವೆಯ ಅರಿಶಿನ ಶಾಸ್ತ್ರದಲ್ಲೂ ಎಣ್ಣೆ, ಅರಿಶಿನಗಳ ಲೇಪ ಹಚ್ಚುವ ಪದ್ಧತಿಯಿದೆ.

ಕೈಗಾರಿಕೆಯ ಉತ್ಪನ್ನವಾಗಿ ಮುಖದ ಸ್ಕ್ರಬ್ 20ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಬೆಳೆಯಿತು. ಮೊದಲು ಅದನ್ನು ಬೆಳೆಸಿದ್ದು ಸೌಂದರ್ಯದ ಮಾರುಕಟ್ಟೆಗಿಂತ ಹೆಚ್ಚಾಗಿ ಮೊಡವೆ ಚಿಕಿತ್ಸೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಅಲ್ಯುಮಿನಿಯಂ ಆಕ್ಸೈಡ್ ಕಣಗಳ ಬ್ರಾಸಿವಾಲ್, ಪಾಲಿಎಥಿಲೀನ್ ಕಣಗಳ ಪರ್ನಾಕ್ಸ್, ಉಜ್ಜಿದಂತೆ ಕರಗಿಹೋಗುವ ಬೋರ್ಯಾಕ್ಸ್ ಹರಳುಗಳ ಕೋಮೆಕ್ಸ್ ಎಂಬ ಲೇಪಗಳು ಬಳಕೆಯಲ್ಲಿದ್ದವು. ಚರ್ಮ ತೊಳೆಯುವ ಲೇಪದಲ್ಲಿ ಪ್ಲಾಸ್ಟಿಕ್ ಕಣಗಳನ್ನು ಬಳಸುವ ಪೇಟೆಂಟ್ ಅಲ್ಲಿ 1972ರಲ್ಲಿ ದೊರೆತಿತ್ತು. ಆಮೇಲಿನ ದಶಕಗಳಲ್ಲಿ ಅಕ್ರೋಟು ಚಿಪ್ಪಿನ ಪುಡಿ, ಏಪ್ರಿಕಾಟ್ ಗೊರಟೆಯ ಪುಡಿಗಳ ಸ್ಕ್ರಬ್‌ಗಳು ಸಾಮಾನ್ಯ ಅಂಗಡಿಗಳಿಗೂ ಬಂದವು.

ಉಜ್ಜಿಸಿಕೊಳ್ಳುವ ಚರ್ಮ

ಚರ್ಮದ ತಡೆಪದರವಾಗಿರುವ ಅತಿ ಹೊರಗಿನ ಪೊರೆಗೆ ಸ್ಟ್ರಾಟಮ್ ಕಾರ್ನಿಯಂ ಎಂದು ಹೆಸರು. ಕೆರಾಟಿನ್ ತುಂಬಿದ, ಜೀವವಿಲ್ಲದ ಚಪ್ಪಟೆ ಕೋಶಗಳು ಒಂದರ ಮೇಲೊಂದು ಜೋಡಿಸಿಕೊಂಡು, ನಡುವಣ ಸಂದುಗಳಲ್ಲಿ ಸೆರಮೈಡ್, ಕೊಲೆಸ್ಟೆರಾಲ್ ಮತ್ತು ಕೊಬ್ಬಿನಾಮ್ಲಗಳು ತುಂಬಿಕೊಂಡು ಈ ಪೊರೆ ಆಗಿದೆ. ಶರೀರವಿಜ್ಞಾನದಲ್ಲಿ ಇದನ್ನು ಇಟ್ಟಿಗೆ–ಗಾರೆ ಮಾದರಿ ಎಂದು ವರ್ಣಿಸುವುದುಂಟು. ದೇಹದ ಬಹುಭಾಗದಲ್ಲಿ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್ ಮಾತ್ರ. ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅಂಗೈಯಲ್ಲಿ ಈ ಕೋಶಪದರಗಳು 50ರ ಸುಮಾರಿಗಿದ್ದರೆ ಮುಖದಲ್ಲಿ 10ರ ಆಸುಪಾಸಿನಲ್ಲಿರುತ್ತವೆ, ರೆಪ್ಪೆಯ ಮೇಲೆ ಇನ್ನೂ ಕಡಿಮೆ. ಹಿಮ್ಮಡಿಗೆ ಹಿತವೆನಿಸುವ ಕಣ ಕೆನ್ನೆಗೆ ಒರಟಾಗುವುದಕ್ಕೆ ಮೊದಲ ಕಾರಣ ಇದು. ಮೈಗೆಂದು ತಯಾರಾದ ಸ್ಕ್ರಬ್ಬನ್ನು ಮುಖಕ್ಕೆ ಬಳಸಬಾರದು ಎಂಬ ಸೂಚನೆಯ ಹಿಂದೆಯೂ ಇದೇ ಇದೆ.

ಈ ಪೊರೆ ತಾನಾಗಿಯೇ ಉದುರುವ ವ್ಯವಸ್ಥೆಯನ್ನು ಹೊಂದಿದೆ. ಕೋಶಗಳನ್ನು ಒಂದಕ್ಕೊಂದು ಬಿಗಿದಿಡುವ ಕಾರ್ನಿಯೋಡೆಸ್ಮೋಸೋಮ್ ಎಂಬ ಪ್ರೋಟೀನ್ ಕೊಂಡಿಗಳನ್ನು ಚರ್ಮದ್ದೇ ಕಿಣ್ವಗಳು ನಿಧಾನವಾಗಿ ಕತ್ತರಿಸುತ್ತವೆ. ದಿನಕ್ಕೆ ಸುಮಾರು ಒಂದು ಪದರದಷ್ಟು ಕೋಶಗಳು ಕಣ್ಣಿಗೆ ಕಾಣದಂತೆ ಉದುರಿಹೋಗುತ್ತವೆ. ಹೊರಚರ್ಮದ ತಳದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಬಂದು ಉದುರಲು ಸಾಮಾನ್ಯವಾಗಿ ನಾಲ್ಕು ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ, ವಯಸ್ಸಾದಂತೆ ಈ ಅವಧಿ ಹಿಗ್ಗುತ್ತದೆ. ಕಿಣ್ವಗಳ ಕೆಲಸಕ್ಕೆ ತೇವವೂ ಸರಿಯಾದ ಆಮ್ಲೀಯತೆಯೂ ಬೇಕು. ಚರ್ಮದ ಮೇಲ್ಮೈಯ ಪಿಎಚ್ ಸಾಮಾನ್ಯವಾಗಿ 4.5ರಿಂದ 5.5ರ ನಡುವೆ ಇರುತ್ತದೆ. ಒಣಹವೆಯಲ್ಲಿ ಈ ಕೆಲಸ ಕುಂಠಿತವಾದಾಗ ಕೋಶಗಳು ಬಿಡಿಬಿಡಿಯಾಗಿ ಉದುರುವ ಬದಲು ಗುಂಪಾಗಿ ಎದ್ದು ಹೊಟ್ಟಿನಂತೆ ಕಾಣುತ್ತವೆ, ಮುಖ ಮಂಕಾಗಿ ತೋರುತ್ತದೆ. ಸ್ಕ್ರಬ್ ಉಪಯುಕ್ತವಾಗುವುದು ಮುಖ್ಯವಾಗಿ ಇಂಥ ಸಡಿಲಗೊಂಡ ಕೋಶಗಳ ಮೇಲೆ. ಇನ್ನೂ ಗಟ್ಟಿಯಾಗಿ ಬೆಸೆದುಕೊಂಡಿರುವ ಪದರಗಳನ್ನು ಅದು ಕಿತ್ತಾಗ ತಡೆಪದರ ತೆಳುವಾಗಿ ಒಳಗಿನ ನೀರು ಹೆಚ್ಚಾಗಿ ಆವಿಯಾಗತೊಡಗುತ್ತದೆ.

ಉಜ್ಜುಕಣಗಳು

ಸ್ಕ್ರಬ್‌ನ ಗುಣವನ್ನು ಹೆಚ್ಚಾಗಿ ನಿರ್ಧರಿಸುವುದು ಕಣದ ಗಾತ್ರ, ಆಕಾರ, ಗಡಸುತನ, ಪ್ರಮಾಣ ಮತ್ತು ಕರಗುವ ಗುಣ. ಇವುಗಳಲ್ಲಿ ಯಾವುದೊಂದನ್ನೇ ಹಿಡಿದು ಸೌಮ್ಯ ಅಥವಾ ಒರಟು ಎಂದು ನಿರ್ಣಯಿಸಲು ಬರುವುದಿಲ್ಲ.

ಗಾತ್ರವನ್ನು ಜರಡಿಯಿಂದ ನಿಗದಿಪಡಿಸುತ್ತಾರೆ. 60 ಮೆಶ್‌ನ ಜರಡಿ ಸುಮಾರು 250 ಮೈಕ್ರೋಮೀಟರಿನವರೆಗಿನ ಕಣಗಳನ್ನೂ, 100 ಮೆಶ್‌ನದು ಸುಮಾರು 150 ಮೈಕ್ರೋಮೀಟರಿನವರೆಗಿನ ಕಣಗಳನ್ನೂ ಕೆಳಕ್ಕೆ ಬಿಡುತ್ತದೆ. ಮುಖಕ್ಕೆಂದು ಬಳಸುವ ಕಣಗಳು ಹೆಚ್ಚಾಗಿ ಈ ಆಸುಪಾಸಿನವು. ಮೈ ಮತ್ತು ಪಾದಗಳಿಗೆ ಇನ್ನೂ ದಪ್ಪವಾದವು ಬೇಕಾಗುತ್ತವೆ. ಒಂದೇ ತೂಕದ ಲೇಪದಲ್ಲಿ ಕಣ ದಪ್ಪವಾದಷ್ಟೂ ಅವುಗಳ ಸಂಖ್ಯೆ ಕಡಿಮೆಯಾಗಿ, ಬೆರಳಿನ ಒತ್ತಡವೆಲ್ಲ ಆ ಕೆಲವೇ ಬಿಂದುಗಳ ಮೇಲೆ ಬೀಳುತ್ತದೆ, ಚುಚ್ಚಿದ ಅನುಭವವಾಗುತ್ತದೆ. ಕಣ ಸಣ್ಣದಾಗಿ ಸಂಖ್ಯೆ ಹೆಚ್ಚಿದಾಗ ಅದೇ ಒತ್ತಡ ಹರಡಿಹೋಗಿ ಸ್ಪರ್ಶ ನುಣುಪಾಗುತ್ತದೆ. ಆದರೆ ಸಣ್ಣ ಕಣಗಳು ಮೇಲ್ಮೈಯ ಹೆಚ್ಚು ಭಾಗವನ್ನು ಏಕಕಾಲಕ್ಕೆ ಮುಟ್ಟುವುದರಿಂದ ಬಹಳ ಹೊತ್ತು ಉಜ್ಜಿದರೆ ಒಟ್ಟು ಸವೆತ ಕಡಿಮೆಯೇ ಆಗಿರುತ್ತದೆಂದು ಹೇಳುವಂತಿಲ್ಲ. ಸರಾಸರಿ ಗಾತ್ರದಷ್ಟೇ ಮುಖ್ಯವಾದದ್ದು ಗಾತ್ರದ ಏಕರೂಪತೆ: ನೂರಾರು ಸಣ್ಣ ಕಣಗಳ ನಡುವೆ ಜರಡಿ ತಪ್ಪಿಸಿಕೊಂಡು ಬಂದ ನಾಲ್ಕೈದು ದಪ್ಪ ತರಿಗಳಿದ್ದರೆ ಇಡೀ ಲೇಪ ಒರಟೆನಿಸುತ್ತದೆ, ಗೀರು ಬೀಳುವುದೂ ಅವುಗಳಿಂದಲೇ. ಮನೆಯಲ್ಲಿ ಮಿಕ್ಸಿಯಲ್ಲಿ ಪುಡಿಮಾಡಿದ ಅಕ್ಕಿತರಿ, ಕಿತ್ತಳೆಸಿಪ್ಪೆ, ಮಸೂರಬೇಳೆಗಳ ದೊಡ್ಡ ಕೊರತೆ ಇದೇ; ಅವುಗಳನ್ನು ತೆಳು ಬಟ್ಟೆಯಲ್ಲಿ ಸೋಸಿದಾಗ ಗುಣ ಗಣನೀಯವಾಗಿ ಬದಲಾಗುತ್ತದೆ.

ಆಕಾರದಲ್ಲಿ ಎರಡು ತುದಿಗಳಿವೆ. ಪಾಲಿಎಥಿಲೀನ್ ಮಣಿಗಳು, ಗಟ್ಟಿಗೊಳಿಸಿದ ಹೊಹೊಬಾ ಎಣ್ಣೆಯ ಮೇಣದ ಮಣಿಗಳು ಉರುಟಾಗಿರುವುದರಿಂದ ಚರ್ಮದ ಮೇಲೆ ಉರುಳುತ್ತವೆ. ಒಡೆದು ಪುಡಿಮಾಡಿದ ಅಕ್ರೋಟು ಚಿಪ್ಪು, ಏಪ್ರಿಕಾಟ್ ಗೊರಟೆ, ಜ್ವಾಲಾಮುಖಿಯಿಂದ ಹುಟ್ಟಿದ ನೊರೆಕಲ್ಲು ಇವುಗಳ ಕಣಗಳಿಗೆ ಮೂಲೆ ಅಂಚುಗಳಿರುತ್ತವೆ. ಅವು ಉರುಳುವ ಬದಲು ಎಳೆಯಲ್ಪಟ್ಟಾಗ ಕೆರೆಯುತ್ತವೆ. ಉರುಳುವ ಕಣ ಸೌಮ್ಯ, ಎಳೆಯಲ್ಪಡುವ ಕಣ ಒರಟು ಎಂಬ ನಿಯಮ ಸಾಮಾನ್ಯವಾಗಿ ಸರಿಯಾದರೂ, ಸೂಕ್ಷ್ಮವಾಗಿ ಅರೆದ ಕೋನಾಕಾರದ ಪುಡಿ ದಪ್ಪ ಉರುಟು ಮಣಿಗಿಂತ ಹಿತವಾಗಿರುವ ಸಂದರ್ಭಗಳೂ ಇವೆ.

ಗಡಸುತನವನ್ನು ಫ್ರೀಡ್ರಿಚ್ ಮೋಸ್ 1812ರಲ್ಲಿ ಖನಿಜಗಳಿಗಾಗಿ ರೂಪಿಸಿದ ಮಾಪಕದಲ್ಲಿ ಸೂಚಿಸುವುದು ರೂಢಿ. ಅದರಲ್ಲಿ ಟಾಲ್ಕ್ 1, ಅಡುಗೆ ಉಪ್ಪು ಸುಮಾರು 2ರಿಂದ 2.5, ಕ್ಯಾಲ್ಸೈಟ್ 3, ಬೆಣಚುಕಲ್ಲು 7, ಅಲ್ಯುಮಿನಿಯಂ ಆಕ್ಸೈಡಿನ ಹರಳುರೂಪವಾದ ಕುರುಂದ 9. ಅಕ್ರೋಟು ಚಿಪ್ಪು 3ರಿಂದ 4ರ ನಡುವೆ, ನೊರೆಕಲ್ಲು 6ರ ಸುಮಾರಿಗೆ ಬರುತ್ತವೆ. ಇವೆಲ್ಲವೂ ಚರ್ಮಕ್ಕಿಂತ ಎಷ್ಟೋ ಗಟ್ಟಿಯಾದ ವಸ್ತುಗಳಾದ್ದರಿಂದ ಗಡಸುತನದ ಅಂಕಿ ಮಾತ್ರ ಒರಟುತನವನ್ನು ಹೇಳಲಾರದು. ಉಜ್ಜುವಾಗ ಕಣ ತಾನೇ ಸವೆದು ಅಂಚು ಕಳೆದುಕೊಳ್ಳುತ್ತದೆಯೇ, ಇಲ್ಲವೇ ಕೊನೆಯವರೆಗೂ ಚೂಪಾಗಿಯೇ ಉಳಿಯುತ್ತದೆಯೇ ಎಂಬುದನ್ನು ಅದು ಸೂಚಿಸುತ್ತದೆ. ಮೇಣದ ಮಣಿ ಒತ್ತಿದಾಗ ಚಪ್ಪಟೆಯಾಗುತ್ತದೆ, ಓಟ್ಸ್ ಮತ್ತು ಕಡಲೆಹಿಟ್ಟಿನ ಕಣ ನೀರು ಹೀರಿ ಮೆತ್ತಗಾಗುತ್ತದೆ, ಕುರುಂದ ಹಾಗೆಯೇ ಇರುತ್ತದೆ.

ಕರಗುವ ಕಣಗಳದ್ದು ಬೇರೆಯೇ ಗುಣ. ಸಕ್ಕರೆ ಮತ್ತು ಉಪ್ಪಿನ ಹರಳುಗಳಿಗೆ ನೇರ ಮುಖಗಳೂ ಚೂಪು ಅಂಚುಗಳೂ ಇದ್ದು ಮೊದಲ ಕ್ಷಣಗಳಲ್ಲಿ ಅವು ಒರಟಾಗಿಯೇ ಇರುತ್ತವೆ. ಒದ್ದೆ ಚರ್ಮದ ಮೇಲೆ ಉಜ್ಜುತ್ತಾ ಹೋದಂತೆ ಅಂಚು ಕರಗಿ, ಗಾತ್ರ ಕುಗ್ಗಿ, ಕೊನೆಗೆ ಇಲ್ಲವಾಗುತ್ತವೆ. ಅತಿಯಾಗಿ ಉಜ್ಜುವುದಕ್ಕೆ ಇದೊಂದು ಸಹಜ ಮಿತಿ. ಎಣ್ಣೆಯಲ್ಲಿ ಕಲಸಿದ ಸಕ್ಕರೆಗೆ ಈ ಅನುಕೂಲ ತಡವಾಗಿ ಒದಗುತ್ತದೆ, ಏಕೆಂದರೆ ಸಕ್ಕರೆ ಎಣ್ಣೆಯಲ್ಲಿ ಕರಗುವುದಿಲ್ಲ. ಉಪ್ಪು ಗೀರಿದ ಚರ್ಮಕ್ಕೆ ಉರಿ ಹುಟ್ಟಿಸುವುದರಿಂದ ಮುಖಕ್ಕೆ ಅದನ್ನು ಅಷ್ಟಾಗಿ ಬಳಸುವುದಿಲ್ಲ.

ನೈಸರ್ಗಿಕ ಕಣಗಳು ಸೌಮ್ಯ, ಕೃತಕ ಕಣಗಳು ಒರಟು ಎಂಬ ನಂಬಿಕೆಗೆ ಈ ಯಾವ ಗುಣಗಳಲ್ಲೂ ಆಧಾರವಿಲ್ಲ. ಚರ್ಮದ ಮಟ್ಟಿಗೆ ಅತಿ ನುಣುಪಾದ ಕಣಗಳಲ್ಲಿ ಪ್ಲಾಸ್ಟಿಕ್ ಮಣಿಯೂ ಒಂದಾಗಿತ್ತು. ಅದನ್ನು ಕೈಬಿಟ್ಟದ್ದು ಪರಿಸರದ ಕಾರಣಕ್ಕೆ.

ಆಧಾರದ್ರವ್ಯ

ಕಣ ಮತ್ತು ಚರ್ಮದ ನಡುವೆ ಉಳಿಯುವ ತೆಳು ಪೊರೆಯ ದಪ್ಪ ಮತ್ತು ಜಾರುತನ ಘರ್ಷಣೆಯನ್ನು ನಿರ್ಧರಿಸುತ್ತವೆ. ಎಣ್ಣೆ, ಗ್ಲಿಸರಿನ್, ಕ್ರೀಮಿನಂಥ ದಪ್ಪ ಆಧಾರದಲ್ಲಿ ಕಣದ ಬಹುಭಾಗ ಮುಳುಗಿದ್ದು ತುದಿ ಮಾತ್ರ ಚರ್ಮವನ್ನು ಮುಟ್ಟುತ್ತದೆ. ನೀರಾದ ಜೆಲ್ ಬೇಗ ಹರಿದುಹೋಗಿ ಕಣಗಳನ್ನು ಬರಿದಾಗಿ ಬಿಡುತ್ತದೆ. ಮುಲ್ತಾನಿ ಮಿಟ್ಟಿ, ಕೆಯೊಲಿನ್ ಮೊದಲಾದ ಜೇಡಿಗಳು ಒದ್ದೆಯಿರುವಾಗ ನುಣುಪಾಗಿದ್ದು, ಒಣಗಿದ ಬಳಿಕ ಉಜ್ಜಿದರೆ ಚರ್ಮವನ್ನು ಹಿಡಿದೆಳೆಯುತ್ತವೆ. ಹೀಗಾಗಿ ಒಣಗಿದ ಲೇಪವನ್ನು ಮೊದಲು ನೀರಿನಿಂದ ನೆನೆಸಿ ತೆಗೆಯುವುದು ಸೂಕ್ತ.

ಆಧಾರದ್ರವ್ಯದಲ್ಲಿ ನೊರೆಯುಂಟುಮಾಡಿ ಜಿಡ್ಡು ತೆಗೆಯುವ ಸರ್ಫ್ಯಾಕ್ಟಂಟ್‌ಗಳೂ ಇರುತ್ತವೆ. ಸೋಡಿಯಂ ಲಾರಿಲ್ ಸಲ್ಫೇಟ್ ಚರ್ಮದ ಪ್ರೋಟೀನುಗಳಿಗೂ ಕೊಬ್ಬುಗಳಿಗೂ ತಾಗಿ ಕೆರಳಿಕೆ ಹುಟ್ಟಿಸುತ್ತದೆಂಬುದು ಎಷ್ಟು ಖಚಿತವೆಂದರೆ ಚರ್ಮಸಂಶೋಧನೆಯಲ್ಲಿ ಅದನ್ನು ಮಾದರಿ ಕೆರಳಕವಾಗಿ ಬಳಸುತ್ತಾರೆ. ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಮುಂತಾದವು ಅದಕ್ಕಿಂತ ಸೌಮ್ಯ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10ರಷ್ಟಿದ್ದು ಚರ್ಮದ ಸಹಜ ಆಮ್ಲೀಯತೆಯಿಂದ ದೂರವಿದೆ. ಕಣಗಳು ಪೊರೆಯನ್ನು ಸಡಿಲಿಸಿದ ಕೂಡಲೇ ಇಂಥ ವಸ್ತುಗಳು ಒಳಕ್ಕೆ ಇಳಿಯುವುದು ಸುಲಭವಾಗುತ್ತದೆ. ಆದ್ದರಿಂದ ಸ್ಕ್ರಬ್‌ನಿಂದ ಉಂಟಾದುದೆಂದು ಕಣಗಳ ಮೇಲೆ ಹೊರಿಸುವ ಉರಿ ಎಷ್ಟೋ ಬಾರಿ ನೊರೆಕಾರಕದ್ದು ಅಥವಾ ಸುಗಂಧದ್ರವ್ಯದ್ದು ಆಗಿರುತ್ತದೆ. ಮೆಂಥಾಲ್ ಚರ್ಮದ ತಂಪರಿವಿನ ಗ್ರಾಹಕವಾದ ಟಿಆರ್‌ಪಿಎಂ8 ಅನ್ನು ಪ್ರಚೋದಿಸಿ, ಚರ್ಮದ ಉಷ್ಣತೆ ಇಳಿಯದಿದ್ದರೂ ತಂಪಿನ ಭಾವ ಹುಟ್ಟಿಸುತ್ತದೆ. ಈ ತಂಪು ಘರ್ಷಣೆಯ ಉರಿಯನ್ನು ಮರೆಮಾಚಿ ಬಳಕೆದಾರರನ್ನು ಇನ್ನಷ್ಟು ಉಜ್ಜುವಂತೆ ಮಾಡಬಲ್ಲದು.

ಕೈ, ನೀರು, ಹೊತ್ತು

ಗಾಜಿನ ಪಾಲಿಶ್ ಕುರಿತು 1927ರಲ್ಲಿ ಪ್ರೆಸ್ಟನ್ ನೀಡಿದ ಸಮೀಕರಣದಂತೆ ಸವೆತದ ವೇಗ ಒತ್ತಡ ಮತ್ತು ಚಲನೆಯ ವೇಗಗಳ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಮೆತ್ತನೆಯ, ತೇವದ, ಜೀವಂತ ಚರ್ಮಕ್ಕೆ ಅದು ಹಾಗೆಯೇ ಅನ್ವಯಿಸದಿದ್ದರೂ, ಒತ್ತಡವನ್ನೂ ಉಜ್ಜುವ ಅವಧಿಯನ್ನೂ ಇಮ್ಮಡಿಗೊಳಿಸಿದರೆ ಅದೇ ಲೇಪ ಬೇರೆಯೇ ಲೇಪವಾಗುತ್ತದೆಂಬ ದಿಕ್ಕು ಸರಿಯಾಗಿದೆ. ಡಬ್ಬಿಯ ಮೇಲೆ ಏನೇ ಬರೆದಿದ್ದರೂ ಒರಟುತನದ ದೊಡ್ಡ ಪಾಲು ಬೆರಳುಗಳಲ್ಲಿದೆ. ಬೆರಳ ತುದಿಯ ಮೆತ್ತನೆಯ ಭಾಗದಿಂದ, ಒತ್ತದೆ, ಅರ್ಧ ನಿಮಿಷದಷ್ಟು ಸುತ್ತಿಸಿ ತೊಳೆಯುವುದು ಮತ್ತು ಅದೇ ಲೇಪವನ್ನು ಒರಟು ಟವೆಲಿನಿಂದ ತಿಕ್ಕಿ ತೆಗೆಯುವುದು ಒಂದೇ ಫಲ ಕೊಡುವುದಿಲ್ಲ.

ನೀರಿನ ಪಾತ್ರ ಎರಡು ಬಗೆಯದು. ನೆನೆದ ಪೊರೆ ಮೆತ್ತಗಾಗಿ ಸಡಿಲ ಕೋಶಗಳು ಸುಲಭವಾಗಿ ಬಿಡುತ್ತವೆ, ಆದ್ದರಿಂದ ಕಡಿಮೆ ಒತ್ತಡ ಸಾಕಾಗುತ್ತದೆ. ಅದೇ ವೇಳೆ ಬಹಳ ಹೊತ್ತು ಬಿಸಿನೀರಿನಲ್ಲಿ ನೆನೆದ ಚರ್ಮ ಬಲಗುಂದಿ ಬೇಗ ಸವೆಯುತ್ತದೆ. ಜಾರುವ ಲೇಪವಿಲ್ಲದೆ ಬರೀ ತೇವವಿರುವ ಚರ್ಮದ ಘರ್ಷಣೆ ಒಣ ಚರ್ಮದ್ದಕ್ಕಿಂತ ಹೆಚ್ಚು. ಹಾಗಾಗಿ ಬೆಚ್ಚಗಿನ ನೀರು, ಸಾಕಷ್ಟು ಲೇಪ, ಸ್ವಲ್ಪ ಹೊತ್ತು ಎಂಬುದು ವಾಡಿಕೆಯ ಸಲಹೆ.

ಸ್ಪರ್ಶದ ಅರಿವು

ಮುಖದ ಸ್ಪರ್ಶವನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ಐದನೆಯ ಕಪಾಲನರ. ಒತ್ತಡ ಮತ್ತು ವಿವರಗಳನ್ನು ಮರ್ಕೆಲ್ ಕೋಶಗಳೊಡನೆ ಸೇರಿದ ನರತುದಿಗಳು ಗ್ರಹಿಸುತ್ತವೆ. ಯಾಂತ್ರಿಕ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ2 ಎಂಬ ಪ್ರೋಟೀನನ್ನು ಆರ್ಡೆಮ್ ಪಟಪೂಟಿಯನ್ ಅವರ ತಂಡ 2010ರಲ್ಲಿ ಗುರುತಿಸಿತು, ಅವರಿಗೆ 2021ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ರೋಮವಿರುವ ಚರ್ಮದಲ್ಲಿ ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದ ಮೃದು ನೇವರಿಕೆಗೆ ಹೆಚ್ಚು ಸ್ಪಂದಿಸುವ ಸಿ-ಟ್ಯಾಕ್ಟೈಲ್ ಎಂಬ ನರತಂತುಗಳಿವೆ. ನಿಧಾನವಾಗಿ ಉಜ್ಜಿದಾಗ ಹಿತವೆನಿಸುವುದಕ್ಕೆ ಅವು ಕಾರಣ. ಒತ್ತಡ ಹೆಚ್ಚಾದಾಗ ನೋವಿನ ನರತುದಿಗಳು ಎಚ್ಚರಗೊಳ್ಳುತ್ತವೆ.

ಸ್ಟ್ರಾಟಮ್ ಕಾರ್ನಿಯಂನಲ್ಲಿ ನರಗಳೇ ಇಲ್ಲ. ಅದು ಸವೆಯುತ್ತಿರುವಾಗ ನೋವಾಗುವುದಿಲ್ಲ. ನೋವು ತಿಳಿಯುವ ಹೊತ್ತಿಗೆ ಸವೆತ ಜೀವಂತ ಪದರಗಳ ಸನಿಹಕ್ಕೆ ಬಂದಿರುತ್ತದೆ. ಇದಲ್ಲದೆ ಬೆರಳ ತುದಿ ಕೆನ್ನೆಗಿಂತ ಸೂಕ್ಷ್ಮ ವಿವರಗಳನ್ನು ಗ್ರಹಿಸುವುದರಿಂದ, ಸ್ಕ್ರಬ್ ಎಷ್ಟು ತರಿಯಾಗಿದೆ ಎಂಬ ತೀರ್ಮಾನದಲ್ಲಿ ಬೆರಳಿನ ಮಾತೇ ಹೆಚ್ಚು ನಡೆಯುತ್ತದೆ. ಬಳಕೆಯ ಕ್ಷಣದ ಅನುಭವಕ್ಕಿಂತ ಉತ್ತರಾನುಭವ ಹೆಚ್ಚು ನಂಬಲರ್ಹವಾಗಿರುವುದು ಈ ಕಾರಣಗಳಿಂದ. ತೊಳೆದ ಬಳಿಕ ಬಹಳ ಹೊತ್ತು ಉಳಿಯುವ ಕೆಂಪು, ದಿನವೂ ಹಚ್ಚುವ ಕ್ರೀಮೇ ಚುರುಗುಟ್ಟತೊಡಗುವುದು, ಮರುದಿನದ ಬಿಗಿತ ಮತ್ತು ಹೊಳಪು ಇವು ತಡೆಪದರ ತೆಳುವಾಗಿರುವುದರ ಗುರುತುಗಳು. ಈ ಹೊಳಪನ್ನು ಕಾಂತಿಯೆಂದು ತಪ್ಪಾಗಿ ತಿಳಿಯುವುದುಂಟು. ಎಳೆ ವಯಸ್ಸಿನವರಲ್ಲಿ ಸವೆದ ತಡೆಪದರ ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ, ಹಿರಿಯರಲ್ಲಿ ಹೆಚ್ಚು ಕಾಲ ಬೇಕು. ವಾರಕ್ಕೆ ಒಂದೆರಡು ಬಾರಿಗಿಂತ ಹೆಚ್ಚು ಬೇಡ ಎಂಬ ಸಲಹೆಗೆ ಇದು ಹಿನ್ನೆಲೆ.

ಅಳೆಯುವ ವಿಧಾನಗಳು

ಪ್ರಯೋಗಶಾಲೆಗಳಲ್ಲಿ ಅನುಭವವನ್ನೂ ಸವೆತವನ್ನೂ ಬೇರೆಬೇರೆಯಾಗಿ ಅಳೆಯುತ್ತಾರೆ. ಅನುಭವಕ್ಕೆ ತರಬೇತಿ ಪಡೆದ ಪರೀಕ್ಷಕರ ಗುಂಪು ತರಿತನ, ಜಾರುತನ, ಉಳಿಕೆ ಮುಂತಾದವುಗಳಿಗೆ ಅಂಕ ಕೊಡುತ್ತದೆ. ಕ್ರೀಮು, ಲೋಶನ್‌ಗಳ ಚರ್ಮಸ್ಪರ್ಶವನ್ನು ವರ್ಣಿಸುವ ಎಎಸ್‌ಟಿಎಂ ಇ1490 ಎಂಬ ಮಾನಕ ಈ ಬಗೆಯದು. ಚುರುಗುಟ್ಟುವ ಸ್ವಭಾವದ ಚರ್ಮವನ್ನು ಗುರುತಿಸಲು ಫ್ರಾಶ್ ಮತ್ತು ಕ್ಲಿಗ್ಮನ್ 1977ರಲ್ಲಿ ಪ್ರಕಟಿಸಿದ, ಮೂಗಿನ ಪಕ್ಕದ ಮಡಿಕೆಗೆ ಲ್ಯಾಕ್ಟಿಕ್ ಆಮ್ಲ ಹಚ್ಚಿ ನೋಡುವ ಪರೀಕ್ಷೆ ಪ್ರಸಿದ್ಧವಾಗಿದೆ.

ಸವೆತಕ್ಕೆ ಮುಖ್ಯ ಅಳತೆಗೋಲು ಚರ್ಮದ ಮೂಲಕ ಆವಿಯಾಗಿ ಹೋಗುವ ನೀರಿನ ಪ್ರಮಾಣ. ತಡೆಪದರ ಕೆಟ್ಟಷ್ಟೂ ಅದು ಏರುತ್ತದೆ. ಚರ್ಮದ ತೇವವನ್ನು ವಿದ್ಯುತ್ ಗುಣದಿಂದಲೂ, ಕೆಂಪನ್ನು ವರ್ಣಮಾಪಕದಿಂದಲೂ, ಕಿತ್ತುಬರುವ ಕೋಶಗಳನ್ನು ಅಂಟುಪಟ್ಟಿಯಿಂದಲೂ ಅಳೆಯುತ್ತಾರೆ. ಪೊರೆಗೆ ಡ್ಯಾನ್ಸೈಲ್ ಕ್ಲೋರೈಡ್ ಎಂಬ ಹೊಳೆಯುವ ಬಣ್ಣ ಹತ್ತಿಸಿ, ಅದು ಎಷ್ಟು ದಿನಗಳಲ್ಲಿ ಮಾಯವಾಗುತ್ತದೆಂದು ನೋಡುವುದು ಇನ್ನೊಂದು ಹಳೆಯ ವಿಧಾನ. ಹಲ್ಲಿನ ಪೇಸ್ಟುಗಳಿಗೆ ಡೆಂಟಿನ್ ಸವೆತದ ಸಾಪೇಕ್ಷ ಅಂಕಿಯೊಂದಿದ್ದು, ಐಎಸ್ಒ 11609 ಮಾನಕ ಅದಕ್ಕೆ 250ರ ಮಿತಿ ವಿಧಿಸಿದೆ. ಮುಖದ ಸ್ಕ್ರಬ್‌ಗಳಿಗೆ ಅಂಥ ಸರ್ವಸಮ್ಮತ ಅಂಕಿಯಿಲ್ಲ. ಎರಡು ಕಂಪನಿಗಳ ಸೌಮ್ಯ ಎಂಬ ಮಾತುಗಳನ್ನು ಹೋಲಿಸಿ ನೋಡಲು ಕೊಳ್ಳುವವರಿಗೆ ದಾರಿ ಇಲ್ಲದಿರುವುದು ಈ ಕ್ಷೇತ್ರದ ನಿಜವಾದ ಕೊರತೆ.

ಬಗೆಗಳು ಮತ್ತು ಪರ್ಯಾಯಗಳು

ಮಾರುಕಟ್ಟೆಯ ಸ್ಕ್ರಬ್‌ಗಳನ್ನು ಕಣದ ಮೂಲದಿಂದ ವಿಂಗಡಿಸುವುದು ವಾಡಿಕೆ: ಚಿಪ್ಪು ಮತ್ತು ಗೊರಟೆಯ ಪುಡಿ, ಧಾನ್ಯದ ಹಿಟ್ಟು ಮತ್ತು ತೌಡು, ಸಕ್ಕರೆ, ಕಾಫಿಪುಡಿ, ಮೇಣದ ಮಣಿ, ಸೆಲ್ಯುಲೋಸ್, ಸಿಲಿಕಾ, ನೊರೆಕಲ್ಲು. ಸಸ್ಯಮೂಲದ ಪುಡಿಗಳಲ್ಲಿ ಸೂಕ್ಷ್ಮಜೀವಿಗಳಿರುವ ಸಾಧ್ಯತೆಯಿರುವುದರಿಂದ ತಯಾರಕರು ಅವುಗಳನ್ನು ಶುದ್ಧೀಕರಿಸಿ ಬಳಸಬೇಕಾಗುತ್ತದೆ.

ರಾಸಾಯನಿಕ ವಿಧಾನದ ಬೆಳವಣಿಗೆಗೆ ತಳಹದಿ ಹಾಕಿದ್ದು ಯುಜೀನ್ ವ್ಯಾನ್ ಸ್ಕಾಟ್ ಮತ್ತು ರುಯ್ ಯು 1974ರಲ್ಲಿ ಪ್ರಕಟಿಸಿದ ಸಂಶೋಧನೆ. ಮೀನಿನ ಹುರುಪೆಯಂತೆ ಚರ್ಮ ಒಡೆಯುವ ಇಕ್ತಿಯೋಸಿಸ್ ಕಾಯಿಲೆಯಲ್ಲಿ ಆಲ್ಫಾ ಹೈಡ್ರಾಕ್ಸಿ ಆಮ್ಲಗಳು ಪೊರೆಯ ಬೆಸುಗೆಯನ್ನು ಸಡಿಲಿಸುವುದನ್ನು ಅವರು ತೋರಿಸಿದರು. ಕಬ್ಬಿಗೆ ಸಂಬಂಧಿಸಿದ ಗ್ಲೈಕಾಲಿಕ್ ಆಮ್ಲ, ಹಾಲಿನ ಲ್ಯಾಕ್ಟಿಕ್ ಆಮ್ಲ ಈ ಗುಂಪಿನವು. ಜಿಡ್ಡಿನಲ್ಲಿ ಕರಗುವ ಸ್ಯಾಲಿಸಿಲಿಕ್ ಆಮ್ಲ ರೋಮಕೂಪದೊಳಕ್ಕೆ ಇಳಿಯಬಲ್ಲದು, ಪಪ್ಪಾಯಿಯ ಪಪೇನ್ ಮತ್ತು ಅನಾನಸಿನ ಬ್ರೊಮೆಲೇನ್ ಕಿಣ್ವಗಳು ಪ್ರೋಟೀನನ್ನು ಕತ್ತರಿಸುತ್ತವೆ. ತರಿಯಿಲ್ಲದ ಮಾತ್ರಕ್ಕೆ ಇವು ಸೌಮ್ಯವೆನ್ನಲು ಬಾರದು. ಅಮೆರಿಕದ ಪ್ರಸಾಧನ ಪದಾರ್ಥ ಪರಿಶೀಲನಾ ಸಮಿತಿ ಮನೆಬಳಕೆಯ ಉತ್ಪನ್ನಗಳಲ್ಲಿ ಗ್ಲೈಕಾಲಿಕ್ ಆಮ್ಲ ಶೇಕಡಾ 10ನ್ನು ಮೀರಬಾರದು, ಪಿಎಚ್ 3.5ಕ್ಕಿಂತ ಇಳಿಯಬಾರದು ಎಂದು ಮಿತಿ ಹೇಳಿದ್ದು ಅದಕ್ಕಾಗಿಯೇ. ವೈದ್ಯರ ಕೈಯಲ್ಲಿ ನಡೆಯುವ ಡರ್ಮಬ್ರೇಶನ್, ಕುರುಂದದ ಹರಳುಗಳನ್ನು ಊದಿ ಹೀರುವ ಮೈಕ್ರೋಡರ್ಮಬ್ರೇಶನ್‌ಗಳು ಸ್ಕ್ರಬ್‌ನ ವ್ಯಾಪ್ತಿಗೆ ಹೊರಗಿನವು.

ಹಾನಿ ಮತ್ತು ಎಚ್ಚರ

ಚೂಪು ಕಣಗಳು ಚರ್ಮದಲ್ಲಿ ಕಣ್ಣಿಗೆ ಕಾಣದ ಬಿರುಕುಗಳನ್ನು ಮಾಡುತ್ತವೆ ಎಂಬ ವಾದ ಬಹಳ ಪ್ರಚಾರದಲ್ಲಿದೆ. ಸೇಂಟ್ ಐವ್ಸ್ ಹೆಸರಿನ, ಅಕ್ರೋಟು ಚಿಪ್ಪಿನ ಪುಡಿಯಿರುವ ಸ್ಕ್ರಬ್ ಕುರಿತು ಇದೇ ಆಪಾದನೆಯೊಡನೆ 2016ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ಯೂನಿಲಿವರ್ ಕಂಪನಿಯ ವಿರುದ್ಧ ದಾವೆ ಹೂಡಲಾಯಿತು. ಆಪಾದನೆಗೆ ಸಾಕಷ್ಟು ಪುರಾವೆಯಿಲ್ಲವೆಂದು 2018ರಲ್ಲಿ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪಿತ್ತಿತು. ಬಿರುಕು ಎಂಬುದಕ್ಕೆ ವೈದ್ಯಕೀಯದಲ್ಲಿ ನಿಶ್ಚಿತ ವ್ಯಾಖ್ಯೆಯಿಲ್ಲದಿರುವುದರಿಂದ, ತಡೆಪದರದ ಸವೆತ ಮತ್ತು ಕೆರಳಿಕೆ ಎಂಬ ಅಳೆಯಬಲ್ಲ ಮಾತುಗಳಲ್ಲಿ ಹಾನಿಯನ್ನು ವಿವರಿಸುವುದು ಉಚಿತ.

ಭಾರತೀಯರಂಥ ಕಂದು ಚರ್ಮದವರಲ್ಲಿ ಹೆಚ್ಚು ಮಹತ್ವದ ತೊಂದರೆಯೆಂದರೆ ಕೆರಳಿಕೆಯ ಬಳಿಕ ಉಳಿಯುವ ಕಪ್ಪುಕಲೆ. ಗೀರಿನ ಕೆಂಪು ಕೆಲವು ದಿನಗಳಲ್ಲಿ ಮಾಯವಾದರೂ, ಕೆರಳಿದ ವರ್ಣಕೋಶಗಳು ಸುರಿಸಿದ ಮೆಲಾನಿನ್ ತಿಂಗಳುಗಟ್ಟಲೆ ಉಳಿಯಬಹುದು. ನೈಲಾನ್ ಉಜ್ಜುಬಟ್ಟೆಗಳ ದೀರ್ಘಕಾಲದ ಬಳಕೆಯಿಂದ ಮೂಳೆಯುಬ್ಬಿರುವ ಜಾಗಗಳಲ್ಲಿ ಕಪ್ಪಾಗುವ ಘರ್ಷಣೆಯ ವರ್ಣವಿಕಾರವನ್ನು ಜಪಾನ್ ಮತ್ತು ಭಾರತದ ಚರ್ಮತಜ್ಞರು ವರದಿ ಮಾಡಿದ್ದಾರೆ. ಕಪ್ಪನ್ನು ಕೊಳೆಯೆಂದು ತಿಳಿದು ಮತ್ತಷ್ಟು ಉಜ್ಜುವುದು, ಉಜ್ಜಿದಷ್ಟೂ ಅದು ಹೆಚ್ಚುವುದು ಈ ವಿಕಾರದ ದುಃಖಕರ ಸುತ್ತು.

ಕೀವಿರುವ ಅಥವಾ ಗಂಟಾದ ಮೊಡವೆಗಳ ಮೇಲೆ ಉಜ್ಜಿದರೆ ಉರಿಯೂತ ಹೆಚ್ಚುತ್ತದೆ. ಘರ್ಷಣೆಯಿಂದಲೇ ಏಳುವ ಮೊಡವೆಗಳನ್ನು ಮಿಲ್ಸ್ ಮತ್ತು ಕ್ಲಿಗ್ಮನ್ 1975ರಲ್ಲಿ ಆಕ್ನೆ ಮೆಕಾನಿಕಾ ಎಂದು ವರ್ಣಿಸಿದರು. ತೊನ್ನು, ಸೋರಿಯಾಸಿಸ್, ಲೈಕೆನ್ ಪ್ಲೇನಸ್ ಇರುವವರಲ್ಲಿ ಗಾಯವಾದ ಜಾಗದಲ್ಲೇ ಹೊಸ ಮಚ್ಚೆ ಏಳುವ ಕೋಬ್ನರ್ ವಿದ್ಯಮಾನದ ಭಯವಿದೆ. ಚಪ್ಪಟೆ ನರುಲಿ ಇದ್ದರೆ ಗೀರುಗಳ ಉದ್ದಕ್ಕೂ ವೈರಸ್ ಹರಡಬಹುದು. ಇಸಬು, ರೊಸೇಸಿಯಾ, ಬಿಸಿಲಿಗೆ ಸುಟ್ಟ ಚರ್ಮ ಇರುವವರೂ, ರೆಟಿನಾಯ್ಡ್ ಔಷಧಗಳನ್ನು ಬಳಸುವವರೂ ಸ್ಕ್ರಬ್ಬನ್ನು ಬಿಡುವುದು ಕ್ಷೇಮ. ಮನೆಯಲ್ಲಿ ಸಕ್ಕರೆಗೆ ನಿಂಬೆರಸ ಹಿಂಡಿ ಉಜ್ಜುವ ಪದ್ಧತಿಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು: ನಿಂಬೆರಸದ ಪಿಎಚ್ 2ರ ಆಸುಪಾಸಿನದು, ಮತ್ತು ನಿಂಬೆಜಾತಿಯ ಹಣ್ಣುಗಳಲ್ಲಿರುವ ಫ್ಯೂರೊಕೌಮರಿನ್‌ಗಳು ಬಿಸಿಲಿನೊಡನೆ ಸೇರಿ ಸುಟ್ಟಗಾಯದಂಥ ಬೊಬ್ಬೆಗಳನ್ನೂ ಕಪ್ಪುಕಲೆಗಳನ್ನೂ ಉಂಟುಮಾಡಬಲ್ಲವು.

ಇಂದಿನ ಸ್ಥಿತಿ

ತೊಳೆದ ನೀರಿನೊಡನೆ ಹರಿದ ಪ್ಲಾಸ್ಟಿಕ್ ಮಣಿಗಳು ಶುದ್ಧೀಕರಣ ಘಟಕಗಳನ್ನು ದಾಟಿ ನದಿ, ಸರೋವರ, ಸಮುದ್ರಗಳನ್ನು ಸೇರುತ್ತಿರುವುದು ತಿಳಿದ ಮೇಲೆ ಸ್ಕ್ರಬ್‌ಗಳ ಘಟಕಗಳೇ ಬದಲಾದವು. ಅಮೆರಿಕ 2015ರ ಕೊನೆಯಲ್ಲಿ ತಂದ ಕಾನೂನು 5 ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಮಣಿಗಳಿರುವ, ತೊಳೆದುಹಾಕುವ ಪ್ರಸಾಧನಗಳ ತಯಾರಿಕೆಯನ್ನು 2017ರ ಜುಲೈಯಿಂದ ನಿಷೇಧಿಸಿತು. ಬ್ರಿಟನ್ 2018ರಲ್ಲಿ ಇದೇ ಹಾದಿ ಹಿಡಿಯಿತು. ಐರೋಪ್ಯ ಒಕ್ಕೂಟ 2023ರಲ್ಲಿ ಬೇಕೆಂದೇ ಸೇರಿಸುವ ಸೂಕ್ಷ್ಮ ಪ್ಲಾಸ್ಟಿಕ್‌ಗಳ ಮೇಲೆ ವ್ಯಾಪಕ ನಿರ್ಬಂಧ ತಂದಿತು. ಉರುಟು ಮಣಿಯ ಜಾಗಕ್ಕೆ ಒಡೆದ ಚಿಪ್ಪಿನ ಪುಡಿಯನ್ನು ತಂದರೆ ಒರಟುತನ ಮರಳುತ್ತದಾದ್ದರಿಂದ, ಮೇಣ, ಸೆಲ್ಯುಲೋಸ್ ಮತ್ತು ಸಿಲಿಕಾದ ಮಣಿಗಳ ಕಡೆಗೆ ತಯಾರಕರ ಗಮನ ಹೋಗಿದೆ. ಕಣಗಳ ಪ್ರಮಾಣವನ್ನು ಇಳಿಸಿ ಅಲ್ಪ ಆಮ್ಲ ಅಥವಾ ಕಿಣ್ವವನ್ನು ಸೇರಿಸಿದ ಮಿಶ್ರ ಲೇಪಗಳೂ ಹೆಚ್ಚುತ್ತಿವೆ.

ಭಾರತದಲ್ಲಿ ಪ್ರಸಾಧನಗಳು 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಗೂ 2020ರ ಪ್ರಸಾಧನ ನಿಯಮಗಳಿಗೂ ಒಳಪಟ್ಟಿವೆ. ಬಳಸಬಹುದಾದ ಮತ್ತು ಬಳಸಬಾರದ ಪದಾರ್ಥಗಳನ್ನು ಭಾರತೀಯ ಮಾನಕ ಬ್ಯೂರೋದ ಐಎಸ್ 4707 ಪಟ್ಟಿಮಾಡುತ್ತದೆ. ಪದಾರ್ಥಗಳ ಪಟ್ಟಿಯನ್ನು ಲೇಬಲ್ಲಿನಲ್ಲಿ ಮುದ್ರಿಸುವುದರಿಂದ ಕಣ ಯಾವುದೆಂದು ಓದಿ ತಿಳಿಯಬಹುದು; ಅದರ ಗಾತ್ರವನ್ನೂ ಆಕಾರವನ್ನೂ ಅದು ಹೇಳುವುದಿಲ್ಲ. ಅಲರ್ಜಿ ತರುವುದು ಅಪರೂಪ ಎಂಬರ್ಥದ ಹೈಪೋಅಲರ್ಜೆನಿಕ್ ಎಂಬ ಮಾತಿಗೆ ನಿಶ್ಚಿತ ಅರ್ಥ ಕೊಡಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1975ರಲ್ಲಿ ರಚಿಸಿದ ನಿಯಮವನ್ನು ಅಲ್ಲಿನ ಮೇಲ್ಮನವಿ ನ್ಯಾಯಾಲಯ 1977ರಲ್ಲಿ ರದ್ದುಗೊಳಿಸಿತು, ಆ ಮಾತು ಅಲ್ಲಿ ಇಂದಿಗೂ ಕಾನೂನಿನ ವ್ಯಾಖ್ಯೆಯಿಲ್ಲದೆಯೇ ಬಳಕೆಯಲ್ಲಿದೆ. ಸ್ಕ್ರಬ್‌ಗಳ ಡಬ್ಬಿಯ ಮೇಲೆ ಕಾಣುವ ಸೌಮ್ಯ ಎಂಬ ಪದದ ಸ್ಥಿತಿಯೂ ಅದಕ್ಕಿಂತ ಭಿನ್ನವಲ್ಲ.